ಗುಲಾಬಿ ತೋಟದ ಸೂಪರ್‌ವೈಸರ್

ಕುಂದಾಣದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಣ್ಣ, ನಮ್ಮ ದೇಶದ ಕಂಪನಿಯೊಂದು ಇಥಿಯೋಪಿಯಾದಲ್ಲಿ ಮಾಡಿದ್ದ ಗುಲಾಬಿ ತೋಟಕ್ಕೆ ಸೂಪರ್‌ವೈಸರ್ ಆಗಿ ಹೋಗಿಬಂದವರು. ಮಾತಾಡುವಾಗ ಎರಡು ಬೆರಳನ್ನು ಕತ್ತರಿಯಂತೆ ಆಡಿಸುತ್ತಿದ್ದರು. ಅಲ್ಲಿನ ಸುದ್ದಿ ಎತ್ತಿದರೆ ಒಂದೇ ಮಾತು: "ನಾವು ಹೋಗಿದ್ದಕ್ಕೆ ಅವರು ಕಣ್ಣು ಬಿಟ್ರು ಕಣೋ."

"ಚೀನಾದವ್ರು ಹೋದ್ರೆ ದಬ್ಬಾಳಿಕೆ, ನಾವು ಹೋದ್ರೆ ಉಪಕಾರನಾ? ಆ ಜಮೀನಿನವರನ್ನ ಯಾರಾದ್ರೂ ಕೇಳಿದ್ರಾ?" ಎಂದು ನಾನು ವಾದಕ್ಕಿಳಿಯುತ್ತಿದ್ದೆ.

"ನಿಂದು ಬರೀ ಡಿಬೇಟ್ ಬಾಯಿ, ಹೋಗ್ಲಾ," ಎಂದು ನಗುತ್ತಿದ್ದರು.

ಆಮೇಲೆ ಕೈಗಾರಿಕಾ ಪಾರ್ಕಿಗೆಂದು ನಮ್ಮೂರಿನ ಹೊಲಗಳಿಗೆ ನೋಟಿಸ್ ಬಂತು. ಅಣ್ಣನ ದ್ರಾಕ್ಷಿ ತೋಟವೂ ಅದರಲ್ಲಿತ್ತು. ಸಭೆಯಲ್ಲಿ ಅಧಿಕಾರಿ, "ಜಮೀನು ಕೊಡಿ, ಮನೆಗೊಂದು ಕೆಲಸ ಕೊಡ್ತೀವಿ" ಎಂದರು. ಕಂಪನಿಗಳನ್ನು ಕಂಡವರೆಂದು ಊರವರು ಅಣ್ಣನನ್ನೇ ಎಬ್ಬಿಸಿದರು. ಅವರು ಎದ್ದು ನಿಂತರು.

"ಎಂಥ ಕೆಲಸ ಅಂತ ಕೇಳಿ ಅಣ್ಣಾ," ಎಂದು ನಾನು ಪಿಸುಗುಟ್ಟಿದೆ.

"ಇಥಿಯೋಪಿಯಾದಲ್ಲೂ ಹಿಂಗೇ ಸಭೆ ಕರೆದಾಗ ಒಬ್ಬಳು ಮುದುಕಿ ಎದ್ದು ಇದನ್ನೇ ಕೇಳಿದ್ಲು. ಕೂತ್ಕೊಳಮ್ಮಾ ಅಂದಿದ್ದು ನಾನೇ ಕಣೋ," ಎಂದು ಮೆಲ್ಲಗೆ ಹೇಳಿ ಕೂತುಬಿಟ್ಟರು.

"ನೋಡಿ, ತಿಳಿದವರೇ ಒಪ್ಪಿದ್ದಾರೆ," ಎಂದು ಅಧಿಕಾರಿ ಮುಂದಿನ ಸರ್ವೆ ನಂಬರ್ ಓದಿದರು.