ನನ್ನ ದನಿ ಕಲಿತ ಕಂಪ್ಯೂಟರು

ಇವತ್ತು ಬೆಳಿಗ್ಗೆ ಜೇವರ್ಗಿಯ ಕಾಲೇಜಿನಲ್ಲಿ ಕಂಪ್ಯೂಟರಿನ ಮೇಲಿನ ಹೊದಿಕೆ ಎತ್ತಿದೆ ನೋಡಿ, ಕಾದ ಪ್ಲಾಸ್ಟಿಕ್ಕು ಮತ್ತು ಧೂಳು ಕೂಡಿದ ವಾಸನೆ ಮೂಗಿಗೆ ಅಡರಿತು. ಸೀನುವ ಮೊದಲು ಅಫಜಲಪುರ ನೆನಪಾಯಿತು. ಸೀನಿದ ಮೇಲೆ ರೆಹಾನಾ ನೆನಪಾದಳು.

ಅಫಜಲಪುರದಲ್ಲಿ ನಾನು ಬಿ.ಎ. ಮಕ್ಕಳಿಗೆ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿಸಲು ಹೋದ ಅತಿಥಿ ಉಪನ್ಯಾಸಕ. ಅತಿಥಿ ಅಂದರೆ ಚಹಾ ಕೊಟ್ಟು ಕೂಡಿಸುತ್ತಾರೆಂದು ತಿಳಿಯಬೇಡಿ. ಯಾವಾಗ ಹೊರಡುತ್ತೀರಿ ಎಂದು ಕೇಳುತ್ತಾರೆ. ಇತಿಹಾಸ ಓದುವವರಿಗೆ ಇದೆಲ್ಲ ಯಾಕೆ ಎಂಬುದು ಪ್ರಿನ್ಸಿಪಾಲರ ಅನುಮಾನ. ವರ್ಷದ ಕೊನೆಗೆ ಮಕ್ಕಳ ಪ್ರೋಗ್ರಾಮನ್ನು ತಾವೇ ಕೂತು ನೋಡುವುದಾಗಿಯೂ, ಹಿಡಿಸಿದರೆ ತರಗತಿ ಉಳಿಯುವುದಾಗಿಯೂ, ಇಲ್ಲದಿದ್ದರೆ ನಾನು ನಮ್ಮೂರು ಆಳಂದದ ಬಸ್ಸು ಹಿಡಿಯಬಹುದೆಂದೂ ಹೇಳಿದ್ದರು.

ನನಗೆ ಪೈಥಾನ್ ಬರುತ್ತಿದ್ದದ್ದು ಅಷ್ಟಕ್ಕಷ್ಟೇ. ಚೆನ್ನಾಗಿ ಬರುತ್ತಿದ್ದದ್ದು ಅಣಕ. ಪ್ರಿನ್ಸಿಪಾಲರು ಗಂಟಲು ಸರಿಮಾಡುವುದು, ಬಸ್ ಕಂಡಕ್ಟರ್ ಕೂಗುವುದು, ನನ್ನದೇ ಕುಂಟು ಇಂಗ್ಲಿಷು, ಎಲ್ಲ ಮಾಡಿ ತೋರಿಸುತ್ತಿದ್ದೆ. ಯಂತ್ರ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವ ಲೂಪ್ ಎಂಬುದನ್ನು ಬಾಗಿಲಿಗೆ ಜೋತುಬಿದ್ದು “ಚೌಡಾಪುರ, ಚೌಡಾಪುರ, ಚೌಡಾಪುರ್ರ್!” ಎಂದು ಕಲಿಸಿದೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ಲೂಪ್ ಮಾತ್ರ ಯಾರಿಗೂ ಬರಲಿಲ್ಲ.

ಕರಜಗಿಯಿಂದ ಬರುತ್ತಿದ್ದ ರೆಹಾನಾ ಇತಿಹಾಸದ ವಿದ್ಯಾರ್ಥಿನಿ. ಕೆಲವು ಸಾಲುಗಳ ಕೊನೆಗೆ ಎರಡು ಚುಕ್ಕಿ ಇಡದಿದ್ದರೆ ಪೈಥಾನ್ ಮುನಿಸಿಕೊಳ್ಳುತ್ತದೆ. ಆಕೆ ಪ್ರತಿಸಲ ಮರೆಯುತ್ತಿದ್ದಳು.

“ಚುಕ್ಕಿ ಎಲ್ಲಿ? ಚೌಡಾಪುರದಾಗ ಇಳಿಸಿ ಬಂದ್ಯೇನವಾ?” ಎಂದು ನಾನು ಕಂಡಕ್ಟರನಾಗುತ್ತಿದ್ದೆ. ತರಗತಿ ನಗುತ್ತಿತ್ತು. ಆಕೆ ತಲೆ ತಗ್ಗಿಸಿ ಏನೋ ಒತ್ತುತ್ತಿದ್ದಳು. ಅಳುತ್ತಿಲ್ಲವಲ್ಲ ಎಂದುಕೊಂಡು ಮುಂದಿನವರನ್ನು ಕಾಡಲು ಹೋಗುತ್ತಿದ್ದೆ.

ಪರೀಕ್ಷೆಯ ದಿನ ಪ್ರಿನ್ಸಿಪಾಲರು ನೆಟ್ಟಗೆ ಆಕೆಯ ಕಂಪ್ಯೂಟರಿನ ಮುಂದೆಯೇ ಕೂತರು. ಆಕೆ ಮಾಡಿದ್ದು ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡದ ರಸಪ್ರಶ್ನೆ. ಬಹಮನಿಗಳ ಮೊದಲ ರಾಜಧಾನಿ ಯಾವುದು? ಕೆಳಗೆ ನಾಲ್ಕು ಊರು. ಸರಿಯಾದುದರ ಅಂಕಿ ಒತ್ತಬೇಕು. ಆಯುಷ್ಯವೆಲ್ಲ ಇತಿಹಾಸ ಕಲಿಸಿದ ಅವರು ಅಂಕಿ ಬಿಟ್ಟು, ಠೀವಿಯಿಂದ ಗುಲ್ಬರ್ಗಾ ಎಂದು ಪೂರ್ತಿ ಬರೆದರು.

ಪರದೆಯ ಮೇಲೆ ಮೂಡಿತು: “ಅಂಕಿ ಎಲ್ಲಿ? ಚೌಡಾಪುರದಾಗ ಇಳಿಸಿ ಬಂದ್ಯೇನವಾ?”

ಅವರ ಕೈ ಮೀಸೆಗೆ ಹೋಯಿತು. “ಏನ್ರಿ ಮಾಸ್ತರ, ಇದು ನನಗ ‘ಅವ್ವಾ’ ಅನ್ನಾಕತ್ತದಲ್ರಿ!”

ಮತ್ತೆ ಗುಲ್ಬರ್ಗಾ ಎಂದೇ ಬರೆದರು, ಈ ಸಲ ದೊಡ್ಡ ಅಕ್ಷರಗಳಲ್ಲಿ. “ತಲಿ ಮನ್ಯಾಗ ಚಾರ್ಜಿಗೆ ಹಚ್ಚಿ ಬಂದ್ಯೇನವಾ?” ಎಂದಿತು ಯಂತ್ರ. ಅದೂ ನನ್ನದೇ ಮಾತು.

“ಈ ದನಿ ಎಲ್ಲೋ ಕೇಳೇನಲ್ಲ,” ಎಂದರು ಪ್ರಿನ್ಸಿಪಾಲರು. ತರಗತಿಯೆಲ್ಲ ನನ್ನ ಮುಖ ನೋಡಿತು. ಊರನ್ನೆಲ್ಲ ಅಣಕಿಸಿದವನನ್ನು ಯಂತ್ರ ಅಣಕಿಸುತ್ತಿತ್ತು, ಒಂದು ಚುಕ್ಕಿಯೂ ತಪ್ಪದೆ. ಮನಸ್ಸಿನಲ್ಲೇ ಆಳಂದದ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತೂ ಬಿಟ್ಟಿದ್ದೆ ನಾನು.

ಹಟ ಬಿಡದೆ ಅವರು ಮತ್ತೊಮ್ಮೆ ಗುಲ್ಬರ್ಗಾ ಬರೆದರು. ಈ ಸಲ ಬೇರೆಯೇ ಬಂತು: “ಇರ್ಲಿ ಬಿಡ್ರಿ. ಕೂಡೇ ನೋಡೂಣು. ಊರಿನ ಮುಂದಿನ ಅಂಕಿ ಒತ್ರಿ, ಸಾಕು.”

ಒತ್ತಿದರು. ಶಾಬಾಸ್ ಎಂದು ಬಂತು. ಅವರ ಮುಖ ಮಗುವಿನಂತೆ ಅರಳಿತು.

“ನಡೀಲ್ರಿ ಮುಂದಿನ ವರ್ಷಾನೂ ಈ ಕ್ಲಾಸು,” ಎನ್ನುತ್ತ ಎದ್ದರು. “ನೀವು ಬರಲಿಲ್ಲಂದ್ರೂ ನಡೀತದ. ಈ ಹುಡುಗಿ ನಿಮ್ಮನ್ನ ಪೂರಾ ಇದರಾಗ ತುಂಬ್ಯಾಳ.”

ಅವರು ಹೋದ ಮೇಲೆ ನಗು ಹಚ್ಚಿಕೊಂಡು ರೆಹಾನಾಳನ್ನು ಕೇಳಿದೆ. “ಮೊದಲಿನೆರಡು ನನ್ನ ಮಾತು, ಒಪ್ಪಿದೆ. ಮೂರನೇದು ಯಾವಾಗ ಅಂದೇನವಾ ನಾ?”

“ನೀವು ಅಂದಿಲ್ರಿ ಸರ್. ಅಂತೀರಂತ ವರ್ಷಪೂರ್ತಿ ಕಾದೆ. ಆಮ್ಯಾಲ ನಾನೇ ಬರದೆ.”

ಆ ಮೂರನೇ ಸಾಲನ್ನು ಹಾಜರಿ ಪುಸ್ತಕದ ಹಿಂದೆ ಬರೆದುಕೊಂಡೆ.

ಇಲ್ಲಿ, ಜೇವರ್ಗಿಯಲ್ಲಿ, ಸೀನು ನಿಲ್ಲುವಷ್ಟರಲ್ಲಿ ಬಿ.ಕಾಂ. ಹುಡುಗನೊಬ್ಬ ಪರದೆ ತುಂಬ ತಪ್ಪು ತೋರಿಸುವ ಕೆಂಪು ಅಕ್ಷರ ಎಬ್ಬಿಸಿಕೊಂಡು ಕೂತಿದ್ದ. ನಾಲಿಗೆ ತುದಿಗೆ ಬಂದಿದ್ದನ್ನು ನುಂಗಿ, ಕುರ್ಚಿ ಎಳೆದುಕೊಂಡು ಅವನ ಪಕ್ಕ ಕೂತೆ. “ಇರ್ಲಿ ಬಿಡಪಾ, ಕೂಡೇ ನೋಡೂಣು,” ಎಂದೆ.

ಹುಡುಗ ಗಾಬರಿಯಿಂದ ನನ್ನನ್ನು ನೋಡಿದ. “ಸರ್, ಇದು ಯಾರ ಅಣಕ್ರಿ?”

“ಕರಜಗಿಯ ಒಬ್ಬಾಕೀದು,” ಎಂದೆ. “ಇನ್ನಾ ಪೂರಾ ಬಂದಿಲ್ಲ. ಕಲಿಯಾಕತ್ತೇನಿ.”