ಗದ್ದದೆತ್ತರದ ಗೋಡೆ

ಉದ್ದ ಕೋಲಿನ ಪೊರಕೆಯನ್ನು ನೆಲಕ್ಕೆ ಊರಿ, ಕೋಲಿನ ತುದಿಯ ಮೇಲೆ ಎರಡೂ ಅಂಗೈ ಇಟ್ಟು, ಅಂಗೈ ಮೇಲೆ ಗದ್ದ ಇಟ್ಟುಕೊಂಡು ನಿಲ್ಲುತ್ತಿದ್ದರು ಶಾಲೆಯ ಆಯಮ್ಮ. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೋಲು ಅವರ ಗದ್ದಕ್ಕೆ ಸರಿಹೊಂದುತ್ತಿತ್ತು. ಅಷ್ಟು ಕುಳ್ಳಗಿದ್ದರು. ಏಳನೆಯ ತರಗತಿಯ ಹುಡುಗಿಯರು ಅವರ ಪಕ್ಕ ನಿಂತು ಎತ್ತರ ನೋಡಿಕೊಂಡು, ತಾವೇ ಗೆದ್ದೆವೆಂದು ಕುಣಿಯುತ್ತಿದ್ದರು. ಹಾಗೆ ಪೊರಕೆಗೆ ಒರಗಿದಾಗ ಅವರು ದಣಿವಾರಿಸಿಕೊಳ್ಳುತ್ತಿದ್ದಾರೆ ಎಂದೇ ನಾನು ತಿಳಿದಿದ್ದೆ. ಅವರು ಮಕ್ಕಳನ್ನು ನೋಡುತ್ತಿದ್ದರು ಎಂದು ಅರ್ಥವಾಗುವಷ್ಟರಲ್ಲಿ ನಾನೊಂದು ದೊಡ್ಡ ತಪ್ಪು ಮಾಡಿ ಮುಗಿಸಿದ್ದೆ.

ನಾನು ಶಾಲೆ ಕಾಲೇಜುಗಳ ಒಳಾಂಗಣ ವಿನ್ಯಾಸ ಮಾಡುವವಳು. ಹುಬ್ಬಳ್ಳಿಯಿಂದ ಬಂದು ಇಂದಿರಾನಗರದ ಒಂದು ಕಚೇರಿಗೆ ಸೇರಿ ನಾಲ್ಕು ವರ್ಷವಾದ ಮೇಲೆ, "ಇದು ಪೂರ್ತಿ ನಿನ್ನದೇ" ಎಂದು ನನಗೆ ಒಪ್ಪಿಸಿದ ಮೊದಲ ಕೆಲಸ ಹಲಸೂರಿನ ಒಂದು ಹಳೆಯ ಶಾಲೆ. ಕಲ್ಲಿನ ಗೋಡೆ, ಹೆಂಚಿನ ಮಾಡು, ಸಣ್ಣ ಕಿಟಕಿ, ಉದ್ದಕ್ಕೆ ಹೋಗಿ ಒಂದು ಕಡೆ ತಿರುಗುವ ಕತ್ತಲೆ ಕಾರಿಡಾರು. ಆಡಳಿತ ಮಂಡಳಿಯವರಿಗೆ ಹೊಸ ಬಗೆಯ ತರಗತಿಗಳು ಬೇಕಾಗಿದ್ದವು. ಸಾಲು ಬೆಂಚು ಬೇಡ, ಮುಚ್ಚಿದ ಕೋಣೆ ಬೇಡ, ಮಕ್ಕಳು ಒಬ್ಬರ ಮುಖ ಒಬ್ಬರು ನೋಡುತ್ತ ಕಲಿಯಬೇಕು ಎಂದರು. ಹತ್ತು ವರ್ಷ ಮುಂದಿನ ಬೆಂಚಿನವಳ ಜಡೆಯನ್ನೇ ನೋಡುತ್ತ ಓದಿದ ನನಗೆ ಕೇಳಿಯೇ ಖುಷಿಯಾಯಿತು. ಇವತ್ತಿಗೂ ಆ ವಿಚಾರ ತಪ್ಪು ಎಂದು ನಾನು ಹೇಳುವುದಿಲ್ಲ. ಅದನ್ನು ತಲೆಗೇರಿಸಿಕೊಂಡ ರೀತಿ ತಪ್ಪಾಯಿತು.

ಕೆಲಸ ಶುರು ಮಾಡುವ ಮೊದಲು ಮಕ್ಕಳ ಅಭಿಪ್ರಾಯ ಕೇಳಬೇಕಲ್ಲ. ಶಾಲೆಯ ನಕ್ಷೆಯನ್ನು ಗೋಡೆಯಷ್ಟು ದೊಡ್ಡದಾಗಿ ಮುದ್ರಿಸಿ ಅಂಟಿಸಿದೆ. ಇಷ್ಟದ ಜಾಗಕ್ಕೆ ಹಸಿರು ಚುಕ್ಕಿ, ಇಷ್ಟವಿಲ್ಲದ ಜಾಗಕ್ಕೆ ಕೆಂಪು ಚುಕ್ಕಿ ಅಂಟಿಸಿ ಎಂದೆ. ಹೆಡ್ ಮಿಸ್ ಪಕ್ಕದಲ್ಲೇ ನಿಂತಿದ್ದರು. ಹೆಡ್ ಮಿಸ್ ಕೋಣೆಯ ಮೇಲೆ ಹಸಿರು ಚುಕ್ಕಿಗಳ ರಾಶಿ ಬಿತ್ತು. ಹಿಂದೆ ಪೊರಕೆಗೆ ಗದ್ದ ಊರಿ ನಿಂತಿದ್ದ ಆಯಮ್ಮ ಕಿಸಕ್ಕೆಂದು ನಕ್ಕರು.

"ಮೇಡಂ, ಇದು ನೀವೆಲ್ಲ ನೋಡ್ತಾ ಇದ್ದೀರಿ ಅಂತ ಅಂಟ್ಸಿರೋದು. ನಾಲ್ಕ್ ಗಂಟೆ ಮೇಲೆ ಬನ್ನಿ, ನಾನ್ ತೋರಿಸ್ತೀನಿ."

ಸಂಜೆ ಹೋದೆ. ಅವರು ಗುಡಿಸುವ ಕ್ರಮವೇ ಬೇರೆ. ಇಡೀ ಶಾಲೆಯ ಕಸವನ್ನು ಒಂದೇ ಕಡೆ ತಳ್ಳಿಕೊಂಡು ಹೋಗುತ್ತಿರಲಿಲ್ಲ. ಎಲ್ಲಿಯ ಕಸವನ್ನು ಅಲ್ಲಲ್ಲೇ ಸಣ್ಣ ಗುಪ್ಪೆ ಮಾಡಿ, ಒಂದು ಸುತ್ತು ನೋಡಿಕೊಂಡು ಬಂದು, ಆಮೇಲೆ ಮೊರಕ್ಕೆ ತುಂಬುತ್ತಿದ್ದರು. ಕಿಟಕಿಯ ಕೆಳಗೆ ಪೆನ್ಸಿಲ್ ಹೆರೆದ ಸಿಪ್ಪೆ. ಬಾಗಿಲ ಹಿಂದೆ ಹುಣಸೆಬೀಜ, ಕಡಲೆಕಾಯಿ ಸಿಪ್ಪೆ. ಕೊನೆಯ ಬೆಂಚಿನಡಿ ಹರಿದು ಚೂರು ಮಾಡಿದ ಚೀಟಿಗಳು. ಯಾರು ಎಲ್ಲಿ ಕೂತಿದ್ದರು, ಏನು ಮಾಡಿದರು, ಯಾರ ಜೊತೆ ಟೂ ಬಿಟ್ಟರು ಎಂದೆಲ್ಲ ಆ ಗುಪ್ಪೆಗಳನ್ನು ನೋಡಿಯೇ ಹೇಳುತ್ತಿದ್ದರು. ಹಾಗೇ ಕಾರಿಡಾರು ತಿರುಗುವ ಮೂಲೆಗೆ ಕರೆದುಕೊಂಡು ಹೋದರು. ಅಲ್ಲೊಂದು ಅಡ್ಡಗೋಡೆ, ಅದರ ಹಿಂದೆ ಒಂದು ಕಲ್ಲುಬೆಂಚು, ಕುಡಿಯುವ ನೀರಿನ ಡ್ರಮ್ಮು, ಅವರ ಸ್ಟೂಲು, ಒಂದು ಹಳೆಯ ಬಿಸ್ಕತ್ತಿನ ಡಬ್ಬಿ. ಅಲ್ಲಿ ಗುಪ್ಪೆಯಾಗಿದ್ದುದು ಚಾಕ್‌ಪೀಸಿನ ಪುಡಿ ಮಾತ್ರ.

"ಇದು ದಿನಾ ಇರುತ್ತೆ ಮೇಡಂ" ಎಂದು ನನ್ನ ಮುಖ ನೋಡಿದರು.

ನಾನು ಫೋಟೊ ತೆಗೆದುಕೊಂಡೆ. ಬೋರ್ಡೇ ಇಲ್ಲದ ಮೂಲೆಯಲ್ಲಿ ಚಾಕ್‌ಪೀಸಿನ ಪುಡಿ ಯಾಕೆ ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ. ನಾಚಿಕೆಯಾಗುತ್ತದೆ, ಆದರೂ ಹೇಳಬೇಕು. ಆ ಫೋಟೊಗಳನ್ನೆಲ್ಲ ನಾನು ವರದಿಯಲ್ಲಿ "ಕಸ ನಿರ್ವಹಣೆ" ಎಂಬ ತಲೆಬರಹದ ಕೆಳಗೆ ಹಾಕಿದೆ. ಗುಪ್ಪೆ ಇದ್ದಲ್ಲೆಲ್ಲ ಒಂದೊಂದು ಬಣ್ಣದ ಡಸ್ಟ್‌ಬಿನ್ ಇಡಬೇಕೆಂದು ಸೂಚಿಸಿದೆ. ಕಾರಿಡಾರಿನ ಮೂಲೆಯನ್ನು "ಬಳಕೆಯಿಲ್ಲದ ಜಾಗ" ಎಂದು ಗುರುತು ಹಾಕಿ, ಅಡ್ಡಗೋಡೆ ಒಡೆಸಿ, ಅಲ್ಲಿಂದ ಅಂಗಳದವರೆಗೆ ಮೆಟ್ಟಿಲು ಮೆಟ್ಟಿಲಾಗಿ ಕೂರುವ ಸಭಾಂಗಣ ಮಾಡಿದೆ. ತರಗತಿಗಳಿಗೆ ಗಾಜಿನ ಗೋಡೆ, ಚಕ್ರವಿರುವ ಮೇಜು, ಬಿಳಿ ಬೋರ್ಡು. ಆಯಮ್ಮನ ಸ್ಟೂಲು, ಡಬ್ಬಿ ಎರಡೂ ಶೌಚಾಲಯದ ಪಕ್ಕದ ಓಣಿಗೆ ಹೋದವು. "ಪರ್ವಾಗಿಲ್ಲ ಮೇಡಂ, ಬೆಳಕು ಚೆನ್ನಾಗ್ ಬರುತ್ತೆ ಈಗ" ಎಂದರು. ಉದ್ಘಾಟನೆಯ ದಿನ ಎಲ್ಲರೂ ಚಪ್ಪಾಳೆ ತಟ್ಟಿದರು. ಆಯಮ್ಮನೂ ತಟ್ಟಿದರು.

ಮೂರು ತಿಂಗಳಾದ ಮೇಲೆ ಒಂದು ಪ್ರಶಸ್ತಿಗೆ ಕಳಿಸಲು ಫೋಟೊ ತೆಗೆಸಲು ಹೋದೆ. ಹೆಡ್ ಮಿಸ್ ಕೋಣೆಯಲ್ಲಿ ಬುರ್ಖಾ ಹಾಕಿದ ಒಬ್ಬ ಹೆಂಗಸು ಕೂತಿದ್ದರು. ಶಿವಾಜಿನಗರದವರು. ಗಂಡ ರಸೆಲ್ ಮಾರುಕಟ್ಟೆಯ ಬಳಿ ಹಣ್ಣು ಮಾರುತ್ತಾರೆ. ಐದನೆಯ ತರಗತಿಯ ಮಗಳನ್ನು ಶಾಲೆ ಬಿಡಿಸಲು ಬಂದಿದ್ದರು.

"ಮನೇಲಿ ಚೆನ್ನಾಗೇ ಇರ್ತಾಳೆ ಮಿಸ್ ನಮ್ ಬಚ್ಚಿ. ಇಸ್ಕೂಲು ಅಂದ್ರೆ ಹೊಟ್ಟೆನೋವು. ಗಾಜಿಂದು ರೂಮು ಆಗಿದೆ, ಎಲ್ಲಾರೂ ನನ್ನೇ ನೋಡ್ತಾರೆ ಅಮ್ಮಿ ಅಂತಾಳೆ. ಟಿ.ಸಿ. ಕೊಟ್ಬಿಡಿ. ಮನೇಲೇ ಇರ್ಲಿ ಈ ವರ್ಷ."

"ಇಷ್ಟ್ ಒಳ್ಳೆ ಫೆಸಿಲಿಟಿ ಬೇರೆಲ್ಲಿ ಸಿಗುತ್ತಮ್ಮಾ? ನೋಡಿ, ಇವ್ರೇ ಡಿಸೈನ್ ಮಾಡಿದ್ದು" ಎಂದು ಹೆಡ್ ಮಿಸ್ ನನ್ನ ಕಡೆ ಕೈ ತೋರಿಸಿದರು.

ಆ ತಾಯಿ ನನ್ನನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಹುಡುಗಿ ಎಲ್ಲಿ ಎಂದು ಹುಡುಕಿಕೊಂಡು ಹೋದರೆ, ಶೌಚಾಲಯದ ಓಣಿಯಲ್ಲಿ ಆಯಮ್ಮನ ಸ್ಟೂಲಿನ ಪಕ್ಕ ನೆಲದ ಮೇಲೆ ಕೂತಿದ್ದಳು. ಮುಂದೆ ಬಿಸ್ಕತ್ತಿನ ಡಬ್ಬಿ. ಅದರ ತುಂಬ ಮುರಿದ ಚಾಕ್‌ಪೀಸಿನ ತುಂಡುಗಳು. ಬಿಳಿಯದು ಒಂದು ಕಡೆ, ಬಣ್ಣದ್ದು ಒಂದು ಕಡೆ ಆರಿಸಿ ಇಡುತ್ತಿದ್ದಳು. ಕೆನ್ನೆ ಒದ್ದೆಯಾಗಿತ್ತು. ಆಯಮ್ಮ ಅವಳನ್ನು ನೋಡದ ಹಾಗೆ, ಆದರೆ ನೋಡುತ್ತ, ಪೊರಕೆಗೆ ಒರಗಿದ್ದರು. ನನ್ನನ್ನು ದೂರ ಕರೆದು ಮೆಲ್ಲಗೆ ಹೇಳಿದರು.

"ಮಾತು ತಡೀತದೆ ಮೇಡಂ ಅದಕ್ಕೆ. ಗಟ್ಟಿಯಾಗಿ ಓದ್ಸೋ ಪೀರಿಯಡ್ಡು ಅಂದ್ರೆ ನಡುಕ. ಮುಂಚೆ ದಿನಾ ಹತ್ ನಿಮಿಷ ನನ್ ಮೂಲೇಗೆ ಬರೋದು. ಅಳೋದಿದ್ರೆ ಅತ್ತು, ಚಾಕ್‌ಪೀಸ್ ಆರ್ಸಿ ಇಟ್ಟು, ನೀರ್ ಕುಡ್ದು ಹೋಗಿ ಓದೋದು. ಇದೊಂದೇ ಅಲ್ಲ, ಎಷ್ಟೋ ಮಕ್ಳು. ಏನಾಯ್ತು ಅಂತ ನಾನ್ ಕೇಳಲ್ಲ. ಕೇಳಿದ್ರೆ ಇನ್ನೂ ಅಳು ಬರುತ್ತೆ. ಕೈಗೊಂದು ಕೆಲ್ಸ ಕೊಟ್ರೆ ಅದೇ ನಿಲ್ಲುತ್ತೆ."

ನನಗೆ ಸಿಟ್ಟು ಬಂತು. ನನ್ನ ಮೇಲೆ ಬರಬೇಕಾದ ಸಿಟ್ಟು ಅವರ ಮೇಲೆ ಬಂತು. ಸಿಟ್ಟು ಬಂದರೆ ನನ್ನ ಬಾಯಲ್ಲಿ ಹುಬ್ಬಳ್ಳಿ ಬಂದುಬಿಡುತ್ತದೆ. "ಗ್ವಾಡಿ ಒಡಿಯೂಮುಂದ ನನಗ್ಯಾಕ ಹೇಳಲಿಲ್ರಿ ನೀವು?"

"ಹೇಳಿದ್ನಲ್ಲ ಮೇಡಂ" ಎಂದರು ಆಯಮ್ಮ, ಶಾಂತವಾಗಿ. "ಗುಡ್ಸಿ, ಗುಪ್ಪೆ ಮಾಡಿ, ಕರ್ಕೊಂಡ್ ಹೋಗಿ ತೋರಿಸ್ದೆ. ನೀವು ಡಸ್ಟ್‌ಬಿನ್ ಇಟ್ರಿ."

ಅವರು ಅಲ್ಲಿಗೇ ಬಿಡಲಿಲ್ಲ. "ಓದೋಕೆ ಜಾಗ ಮಾಡಿದ್ರಿ, ಆಡೋಕೆ ಮಾಡಿದ್ರಿ, ಎಲ್ಲಾ ಚೆಂದ ಇದೆ. ಅಳೋಕೆ ಎಲ್ಲಿ ಹೋಗ್ಬೇಕು ಮೇಡಂ ಮಕ್ಳು? ಟಾಯ್ಲೆಟ್ಟಿಗಾ?"

ಹೆಡ್ ಮಿಸ್ ಕೋಣೆಗೆ ವಾಪಸು ಹೋಗಿ ಆ ತಾಯಿಯ ಮುಂದೆ ಕೂತೆ. ಒಂದು ತಿಂಗಳು ಕೊಡಿ, ಅಲ್ಲಿಯವರೆಗೆ ಟಿ.ಸಿ. ತೆಗೆದುಕೊಳ್ಳಬೇಡಿ ಎಂದು ಕೇಳಿಕೊಂಡೆ. ಅವರು ನನ್ನ ಕಡೆ ತಿರುಗಿ, "ನೀವು ಕೆಡಿಸಿದ್ದು ನೀವೇ ಸರಿ ಮಾಡ್ತೀರಾ?" ಎಂದರು. ಹೂಂ ಎಂದೆ.

ಮೂಲೆಯ ಗೋಡೆಯನ್ನು ಮತ್ತೆ ಕಟ್ಟಿಸಬೇಕು ಎಂದಾಗ ಕಚೇರಿಯಲ್ಲಿ ನಮ್ಮ ಸಾರ್ ಹಾರಾಡಿದರು. "ಎಂಟ್ರಿ ಕಳ್ಸಾಗಿದೆ. ಫೋಟೊದಲ್ಲಿ ಓಪನ್ ಸ್ಪೇಸು, ಜ್ಯೂರಿ ಬಂದು ನೋಡಿದ್ರೆ ಮಧ್ಯ ಗೋಡೆ! ತಲೆ ಕೆಟ್ಟಿದ್ಯಾ ನಿಂಗೆ? ಇದಾದ್ಮೇಲೆ ಯಾರ್ ಕೊಡ್ತಾರೆ ನಿಂಗೆ ಪ್ರಾಜೆಕ್ಟು?" ಅವರ ಮಾತಿನಲ್ಲಿ ನ್ಯಾಯವಿತ್ತು. ಆದರೆ ಆ ಓಣಿಯ ವಾಸನೆಯಲ್ಲಿ ಚಾಕ್‌ಪೀಸು ಆರಿಸುತ್ತ ಕೂತಿದ್ದ ಹುಡುಗಿ ನನ್ನ ಕಣ್ಣ ಮುಂದಿನಿಂದ ಹೋಗಲಿಲ್ಲ. ಆಡಳಿತ ಮಂಡಳಿಯವರ ಬಳಿ ನಾನೇ ಹೋಗಿ, ನನ್ನ ನಕ್ಷೆಯಲ್ಲಿ ತಪ್ಪಾಗಿದೆ ಎಂದು ಒಪ್ಪಿಕೊಂಡೆ.

ಹೊಸ ಗೋಡೆಯ ಅಳತೆಗೆ ನಾನು ಟೇಪು ಹಿಡಿದು ನಿಂತರೆ ಆಯಮ್ಮ ಅದನ್ನು ಪಕ್ಕಕ್ಕೆ ಸರಿಸಿದರು. ಆ ಹುಡುಗಿಯನ್ನು ಕರೆದು, ಮೂಲೆಯಲ್ಲಿ ಹೊಸದಾಗಿ ಹಾಕಿಸಿದ್ದ ತಗ್ಗು ಬೆಂಚಿನ ಮೇಲೆ ಕೂರಿಸಿದರು. ನನ್ನನ್ನು ಒಂದೊಂದು ತರಗತಿಯ ಬಾಗಿಲಲ್ಲೂ ನಿಲ್ಲಿಸಿ, "ಅಲ್ಲಿಂದ ಕಾಣ್ತದಾ?" ಎಂದು ಕೂಗಿ ಕೇಳಿದರು. ಆಮೇಲೆ ತಾವೇ ಬೆಂಚಿನ ಎದುರು ಪೊರಕೆ ಊರಿ, ಗದ್ದ ಇಟ್ಟು ನಿಂತರು.

"ದೂರದಿಂದ ಯಾರ್ಗೂ ಕಾಣ್ಬಾರ್ದು. ಆದ್ರೆ ಪೂರ್ತಿ ಮುಚ್ಚೋದೂ ಬೇಡ, ಅದು ಭಯ. ಪಕ್ಕಕ್ಕೆ ಬಂದು ನಿಂತ್ರೆ ಮಾತ್ರ ಕಾಣ್ಬೇಕು. ಇಲ್ಲೀಗಂಟ ಬರ್ಲಿ ಸಾಕು" ಎಂದು ತಮ್ಮ ಗದ್ದಕ್ಕೆ ಬೆರಳಿಟ್ಟು ತೋರಿಸಿದರು. ಮೇಸ್ತ್ರಿ ಅಲ್ಲಿಗೇ ದಾರ ಕಟ್ಟಿದ.

ಗೋಡೆ ಎದ್ದಿತು. ಸ್ಟೂಲು, ಡಬ್ಬಿ, ನೀರಿನ ಡ್ರಮ್ಮು ಮೂಲೆಗೆ ವಾಪಸಾದವು. ಪ್ರಶಸ್ತಿ ನಮಗೆ ಬರಲಿಲ್ಲ. ಸಾರ್ ಆರು ತಿಂಗಳು ನನ್ನ ಜೊತೆ ಬರೀ ಮೇಲ್‌ನಲ್ಲಿ ಮಾತಾಡಿದರು. ಹುಡುಗಿ ಶಾಲೆ ಬಿಡಲಿಲ್ಲ. ಅವಳ ಮಾತಿನ ತಡೆ ಮಾಯವಾಯಿತು ಎಂದು ಬರೆಯಲು ನನಗೂ ಆಸೆ, ಆದರೆ ಅದು ಹಾಗೇ ಇದೆ. ತಡೆದು ತಡೆದೇ ಓದಿದಳು, ಓದುತ್ತಲೇ ಹೋದಳು. ಈಗ ಪಿಯುಸಿಯಲ್ಲಿದ್ದಾಳೆ.

ಅದಾದ ಮೇಲೆ ಹೊಸ ಕೆಲಸ ಸಿಕ್ಕಾಗಲೆಲ್ಲ ನಾನು ಹಲಸೂರಿಗೆ ಹೋಗಿ ಆಯಮ್ಮನ ಎದುರು ನಕ್ಷೆ ಹಾಸುತ್ತಿದ್ದೆ. ಅವರಿಗೆ ಓದಲು ಬರುತ್ತಿರಲಿಲ್ಲ. ಮನೆಯಲ್ಲಿ ತಮಿಳು, ನಮ್ಮೊಂದಿಗೆ ಕನ್ನಡ, ಹಣ್ಣಿನವರ ಜೊತೆ ಉರ್ದು, ಹೀಗೆ ಮೂರು ಭಾಷೆಯಲ್ಲಿ ಜಗಳವಾಡಬಲ್ಲವರು. ನನ್ನ ಹುಬ್ಬಳ್ಳಿ ಮಾತನ್ನು ಅಣಕಿಸಿ, "ಏನ್ರೀ ಮೇಡಂ, ಬಂದ್ರೇನ್ರೀ" ಎಂದು ರಾಗ ಎಳೆದು ಸ್ವಾಗತಿಸುತ್ತಿದ್ದರು. ಶುಕ್ರವಾರ ಹೋದರೆ ತಮ್ಮ ಮುಡಿಯ ಮಲ್ಲಿಗೆಯಲ್ಲೇ ಒಂದು ಗೇಣು ಮುರಿದು ಕೊಡುತ್ತಿದ್ದರು. ನಕ್ಷೆಯ ಮೇಲೆ ಬೆರಳಾಡಿಸಿ, "ಗುಡ್ಸೋಳು ಎಲ್ಲಿ ಕೂರ್ತಾಳೆ ಇದರಲ್ಲಿ?" ಎಂದು ತಪ್ಪದೆ ಕೇಳುತ್ತಿದ್ದರು. ಟಿನ್ ಫ್ಯಾಕ್ಟರಿ ಆಚೆಯ ಶಾಲೆಗೂ, ಮಾರತ್ತಹಳ್ಳಿ ಕಡೆಯ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೂ ಆ ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆಯೇ ನಕ್ಷೆ ಮುಗಿದದ್ದು. ಎರಡರಲ್ಲೂ ಗದ್ದದೆತ್ತರದ ಒಂದು ಗೋಡೆಯಿದೆ. ಗ್ರಂಥಾಲಯದಲ್ಲಿ ಅದರ ಹಿಂದೆ ಇಪ್ಪತ್ತು ದಾಟಿದ ಹುಡುಗರೂ ಬಂದು ಕೂರುತ್ತಾರೆ ಎಂದು ಹೇಳಿದಾಗ ಆಯಮ್ಮನಿಗೆ ಆಶ್ಚರ್ಯವೇ ಆಗಲಿಲ್ಲ.

"ದೊಡ್ಡೋರ್ಗೂ ಬೇಕಲ್ಲ ಮೇಡಂ" ಎಂದರು.

ಆಯಮ್ಮ ಕೆಲಸದಿಂದ ನಿವೃತ್ತರಾಗಿ ಒಂದು ವರ್ಷವೂ ಆಗಿರಲಿಲ್ಲ. ಕಳೆದ ವರ್ಷ ಒಂದು ಬೆಳಗ್ಗೆ ಹೆಡ್ ಮಿಸ್ ಫೋನು ಮಾಡಿ, ಆಯಮ್ಮ ತೀರಿಕೊಂಡರು ಎಂದರು. ಹಲಸೂರು ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಅವರದು ಒಂದೇ ಕೋಣೆಯ ಮನೆ. ಗಲ್ಲಿಯ ತುಂಬ ಜನ. ಅಕ್ಕತಂಗಿಯರು ತಮಿಳಿನಲ್ಲಿ ಹಾಡಿ ಹಾಡಿ ಅಳುತ್ತಿದ್ದರು. ಅಳಲು ನಾನು ಅವರ ಪೈಕಿಯೂ ಅಲ್ಲ, ಶಾಲೆಯ ಪೈಕಿಯೂ ಅಲ್ಲ. ಹಾರ ಹಾಕಿ, ಕಾಲು ಮುಟ್ಟಿ, ಮುಖ ಗಟ್ಟಿ ಮಾಡಿಕೊಂಡು ಹೊರಬಂದೆ. ಸಾವಿನಲ್ಲೂ ಅವರು ಅಷ್ಟು ಚಿಕ್ಕದಾಗಿ ಕಂಡದ್ದನ್ನು ನನ್ನಿಂದ ತಾಳಲಾಗಲಿಲ್ಲ.

ಕಾಲು ತಾನಾಗಿ ಶಾಲೆಯ ಕಡೆ ನಡೆಯಿತು. ಎರಡನೆಯ ಪೀರಿಯಡ್ಡು ನಡೆಯುತ್ತಿತ್ತು. ಗಾಜಿನ ಗೋಡೆಗಳ ಮುಂದೆ ತಲೆ ತಗ್ಗಿಸಿಕೊಂಡು ಹಾದು, ಆ ಮೂಲೆಗೆ ಹೋಗಿ, ಗೋಡೆಯ ಹಿಂದಿನ ತಗ್ಗು ಬೆಂಚಿನಲ್ಲಿ ಕೂತೆ. ಮಂಡಿ ಗದ್ದಕ್ಕೆ ತಾಗಿತು. ಅಲ್ಲಿ ಕೂತು ಮನಸಾರೆ ಅತ್ತೆ.

ಯಾರೋ ಪಕ್ಕಕ್ಕೆ ಬಂದು ನಿಂತದ್ದು ಗೊತ್ತಾಯಿತು. ಹೊಸ ಆಯಮ್ಮ. ಚಿಕ್ಕ ವಯಸ್ಸಿನವರು, ನನ್ನನ್ನು ಎಂದೂ ನೋಡಿದವರಲ್ಲ. ಯಾರು ನೀವು, ಯಾಕೆ ಇಲ್ಲಿ ಕೂತಿದ್ದೀರಿ ಎಂದು ಕೇಳಬೇಕಾಗಿತ್ತು. ಕೇಳಲಿಲ್ಲ. ಒಂದು ಲೋಟ ನೀರು ತಂದಿಟ್ಟರು. ಶಾಲೆಯಲ್ಲಿ ಬಿಳಿ ಬೋರ್ಡು ಬಂದು ಎಷ್ಟೋ ವರ್ಷವಾಗಿದೆ, ಯಾರೂ ಚಾಕ್‌ಪೀಸಿನಲ್ಲಿ ಬರೆಯುವುದಿಲ್ಲ. ಆದರೂ ಸ್ಟೂಲಿನ ಕೆಳಗಿನಿಂದ ಆ ಬಿಸ್ಕತ್ತಿನ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಒಳಗಿನ ತುಂಡುಗಳನ್ನು ಬೆರಳಿನಿಂದ ಚೆನ್ನಾಗಿ ಕಲಸಿ, ನನ್ನ ಮುಂದೆ ಇಟ್ಟು, ಗುಡಿಸಲು ಹೋದರು.

ನಾನು ಬಿಳಿಯದನ್ನು ಒಂದು ಕಡೆ, ಬಣ್ಣದ್ದನ್ನು ಒಂದು ಕಡೆ ಇಡತೊಡಗಿದೆ.