ಪುರವರದವರೆಗೆ ಕೂಗಿದ ಅಜ್ಜಿ

ಸ್ನೇಹಿತರೇ, ಇವತ್ತು ಬಸ್ಸಿನಲ್ಲಿ ಸ್ಟಾಪುಗಳ ಹೆಸರು ಕೂಗಿದ್ದು ಕಂಡಕ್ಟರ್ ಆದ ನಾನಲ್ಲ, ಒಬ್ಬ ಅಜ್ಜಿ. ಥೈರಾಯ್ಡ್ ಕ್ಯಾನ್ಸರಿನ ಆಪರೇಷನ್ ಆದಮೇಲೆ ನಾನು ಡ್ಯೂಟಿಗೆ ಬಂದ ಮೊದಲ ದಿನ ಇದು. ಗಂಟಿನ ಜೊತೆ ನನ್ನ ದನಿಯೂ ಹೋಗಿದೆ, ಉಳಿದಿರುವುದು ಬರೀ ಪಿಸುಮಾತು.

ಮಧುಗಿರಿ ಬಿಟ್ಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ಒಬ್ಬ ಪ್ರಯಾಣಿಕ ಜಗಳಕ್ಕೆ ನಿಂತ. ನಾನು ಹೇಳಿದ್ದು ಕೇಳಿಸದೆ ಅವನ ಸ್ಟಾಪ್ ದಾಟಿಹೋಗಿತ್ತು.

“ಕೂಗಕ್ಕೆ ಬಾಯಿಲ್ದೋರು ಕಂಡಕ್ಟ್ರು ಕೆಲ್ಸಕ್ಕೆ ಯಾಕ್ ಬತ್ತೀರ?” ಅಂದ.

ಉತ್ತರ ಕೊಡಲು ಹೋದೆ, ಗಾಳಿ ಮಾತ್ರ ಬಂತು. ಅವಮಾನಕ್ಕಿಂತ ಭಯವೇ ಹೆಚ್ಚಾಯಿತು. ದನಿ ವಾಪಸ್ ಬರದಿದ್ದರೆ ಈ ಕೆಲಸವೂ ಹೋದಂತೆಯೇ.

ಮುಂದಿನ ಸೀಟಿನಲ್ಲಿದ್ದ ಅಜ್ಜಿ ಎದ್ದು ನಿಂತರು. “ಲೇ, ಆಯಮ್ಮನ ಕುತ್ಗೆ ಮ್ಯಾಲೆ ಕೊಯ್ದಿರೋ ಗುರ್ತು ಕಾಣಕಿಲ್ವೇನ್ಲಾ? ಸುಮ್ನೆ ಇಳ್ಕೊಂಡು ಹೋಗು.” ಆಮೇಲೆ ನನ್ನ ಕಡೆ ತಿರುಗಿ, “ನೀನು ಕಿವ್ಯಾಗೆ ಹೇಳು ಕಣಮ್ಮ, ನಾನು ಕೂಗ್ತೀನಿ” ಅಂದರು. ತಮ್ಮೂರು ಪುರವರ ಬರುವವರೆಗೂ ಒಂದು ಸ್ಟಾಪನ್ನೂ ಬಿಡದೆ ಕೂಗಿದರು.

ಇಳಿಯುವಾಗ, “ನಾಳೆನೂ ಇದೇ ಬಸ್ಸಾ?” ಎಂದು ಕೇಳಿದರು. ನಾಳೆ ಸ್ಕ್ಯಾನಿಂಗ್ ಇದೆ, ಒಳಗೆ ಕ್ಯಾನ್ಸರ್ ಇನ್ನೂ ಉಳಿದಿದೆಯೇ ಎಂದು ನೋಡುತ್ತಾರಂತೆ ಎಂದು ಅವರ ಕಿವಿಯಲ್ಲಿ ಹೇಳಿದೆ.

“ಅಂಗಾರೆ ನಾಡಿದ್ದು ಬತ್ತೀನಿ ಬುಡು” ಅಂದು ಇಳಿದುಹೋದರು.

ಕಾಯಿಲೆ ಗೊತ್ತಾದಾಗಿನಿಂದ ನನ್ನ ನಾಡಿದ್ದಿನ ಬಗ್ಗೆ ಇಷ್ಟು ಗ್ಯಾರಂಟಿಯಾಗಿ ಮಾತಾಡಿದವರು ಇವರೊಬ್ಬರೇ. ಅಷ್ಟು ಓದಿದ ಡಾಕ್ಟರು “ನೋಡೋಣ” ಅನ್ನುವುದನ್ನು ಇನ್ನೂ ಬಿಟ್ಟಿಲ್ಲ.